ಗುಲಾಬಿಯ ಕೌದಿ

ದ್ವೀಪದಲ್ಲಿರುವ ನಮ್ಮ ಕಾರ್ಖಾನೆಯ ಕೌದಿಗಳು, ಹೊಲಿದವಳ ಕೈಯಂತೆಯೇ ಮಗುವಿನ ಬೆನ್ನು ತಟ್ಟುತ್ತವೆ. ಹಡಗು ತುಂಬ ಪರದೇಶಕ್ಕೆ ಹೋಗುತ್ತವೆ. ಈ ವರ್ಷದ ಆರ್ಡರೆಲ್ಲ ನನ್ನ ಪಕ್ಕ ಕೂತು ಹೊಲಿಯುವ ಗುಲಾಬಿಯ ಕೈಗೇ. ಅವಳೋ, ಮಕ್ಕಳನ್ನೇ ಹೆತ್ತವಳಲ್ಲ!

"ನಿನ್ನ ಕೌದಿ ತಟ್ಟುವುದರಲ್ಲಿ ಅರ್ಜೆಂಟು ಉಂಟು ಮಾರಾಯ್ತಿ," ಎಂದರು ನನಗೆ ಸೂಪರ್‌ವೈಸರ್ ವಾರಿಜಕ್ಕ. "ನಾಳೆಯಿಂದ ಪ್ಯಾಕಿಂಗಿಗೆ ಹೋಗು."

ಊಟದ ಬಿಡುವಿನಲ್ಲಿ ಕಾರ್ಖಾನೆಯ ಶಿಶುವಿಹಾರಕ್ಕೆ ಹೋದೆ. ದಿನಾ ಬೆಳಗ್ಗೆ ನನ್ನೊಡನೆ ದೋಣಿಯಲ್ಲಿ ದ್ವೀಪಕ್ಕೆ ಬರುವ ನನ್ನ ಮಗಳು ಬಾಯಿ ತೆರೆದು ಮಲಗಿದ್ದಳು. ಅಂಚು ಸೊಟ್ಟಗಾಗಿ ರಿಜೆಕ್ಟ್ ಆದ ಗುಲಾಬಿಯ ಕೌದಿಯೊಂದು ಅವಳನ್ನು ನಿಧಾನವಾಗಿ ತಟ್ಟುತ್ತಿತ್ತು. ನನ್ನ ಹೊಟ್ಟೆ ಉರಿಯಿತು. ಅದನ್ನು ಎಳೆದು ತೆಗೆದು, ನಾನು ಹೊಲಿದದ್ದನ್ನು ಹೊದಿಸಿದೆ. ಅದು ನನ್ನ ಹಾಗೆಯೇ ಟಪಟಪ ತಟ್ಟಿತು.

ಮಗಳು ಗಾಬರಿಯಿಂದ ಎದ್ದು ಚಪ್ಪಲಿ ಹುಡುಕತೊಡಗಿದಳು.

"ಎದ್ದೆ ಅಮ್ಮಾ, ಎದ್ದೆ! ಬೆಳಗ್ಗಿನ ದೋಣಿ ಹೋಯ್ತಾ?"