ಅರ್ಥಶಾಸ್ತ್ರಕ್ಕೆ ಪೂರ್ವಸಿದ್ಧತೆ

ರಾತ್ರಿ ಹನ್ನೊಂದರ ಮೇಲೆ ಕೋಣೆಯಲ್ಲಿ ಕರಕರ ಸದ್ದು. ಗಂಡ ಹೊದಿಕೆಯಿಂದ ತಲೆ ಹೊರಹಾಕಿದ.

"ಇಲೀನಾ?"

"ಅಲ್ಲ ರೀ, ಪೆನ್ಸಿಲ್ ಮೆಂಡ್ ಮಾಡ್ತಿದೀನಿ," ಎಂದಳು ಪ್ರಫುಲ್ಲ. "ನಾಳೆ ಅರ್ಥಶಾಸ್ತ್ರ ಶುರುವಾಗತ್ತಲ್ಲ."

"ಕ್ಲಾಸು ಲ್ಯಾಪ್‌ಟಾಪಲ್ಲಿ ತಾನೆ? ಹನ್ನೆರಡು ಪೆನ್ಸಿಲ್ ಯಾಕೆ?"

"ಬೇಕಾದ್ದೆಲ್ಲ ಕೈಗೆ ಸಿಗೋ ಹಾಗಿರಬೇಕಂತೆ. ಸಿದ್ಧತೆ ಪಾಠದಲ್ಲಿ ಹೇಳಿದಾರೆ."

ಕಾಲೇಜಿನವರ ಆನ್‌ಲೈನ್ ಸಿದ್ಧತೆ ಪಾಠಗಳನ್ನು ಅವಳು ಮೂರು ವಾರದಿಂದ ಒಂದೂ ಬಿಡದೆ ಪಾಲಿಸಿದ್ದಳು. ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಳು. ನಾಲ್ಕು ತಿಂಗಳು ಸಂಜೆ ಐದರಿಂದ ಎಂಟರವರೆಗೆ ತನ್ನನ್ನು ಯಾರೂ ಕರೆಯಬಾರದೆಂದು ಮನೆಯವರಿಂದ ಮಾತು ತೆಗೆದುಕೊಂಡಿದ್ದಳು. ಹದಿನೆಂಟು ವರ್ಷದ ಹಿಂದೆ ಇದೇ ವಿಷಯದಲ್ಲಿ ಫೇಲಾದದ್ದನ್ನು ನಾದಿನಿ ಇನ್ನೂ ಮರೆತಿರಲಿಲ್ಲ. ಈ ಸಲ ಪಾಸಾಗಲೇಬೇಕಿತ್ತು.

ಮರುದಿನ ಐದಕ್ಕೆ ಬಾಗಿಲು ಹಾಕಿಕೊಂಡು ಕುಳಿತಳು. ಲ್ಯಾಪ್‌ಟಾಪಿನಲ್ಲಿ ಪಾಠ ತೆರೆದುಕೊಳ್ಳಲೇ ಇಲ್ಲ. ಕಾಲೇಜಿಗೆ ಫೋನ್ ಮಾಡಿದಳು.

"ಮೇಡಂ, ನೀವು ಸೇರಿರೋದು ಸಿದ್ಧತೆ ಕೋರ್ಸಿಗೆ ಮಾತ್ರ. ಅದರಲ್ಲಿ ನೀವೇ ಫಸ್ಟು. ಅರ್ಥಶಾಸ್ತ್ರಕ್ಕೆ ಬೇರೆಯಾಗಿ ಹೆಸರು ನೋಂದಾಯಿಸಬೇಕಿತ್ತು, ಅದರ ಗಡುವು ಶನಿವಾರಕ್ಕೇ ಮುಗೀತು. ಇನ್ನು ಮುಂದಿನ ವರ್ಷವೇ."

ಅವಳಿಗೆ ಕಣ್ಣು ತುಂಬಿ ಬಂತು. ಹೇಗಿದ್ದರೂ ಹೇಳಲೇಬೇಕಲ್ಲ ಎಂದು ಎದ್ದು ಚಿಲಕಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಹೊರಗೆ ಅತ್ತೆಯ ದನಿ ಕೇಳಿಸಿತು.

"ಟೀವಿ ಸಣ್ಣಗೆ ಮಾಡೋ, ಅವಳು ಓದ್ಕೋತಿದಾಳೆ. ಬಾ, ಚಪಾತಿ ನೀನು ಲಟ್ಟಿಸು, ನಾನು ಬೇಯಿಸ್ತೀನಿ. ನಾಲ್ಕು ತಿಂಗಳು ಅಡುಗೆಮನೆ ನಮ್ಮಿಬ್ಬರದೇ."

"ಸರಿ ಅಮ್ಮ," ಎಂದ ಗಂಡ.

ಪ್ರಫುಲ್ಲ ಚಿಲಕದಿಂದ ಕೈ ತೆಗೆದಳು. ಮಂಚಕ್ಕೆ ಹೋಗಿ ಕಾಲು ಚಾಚಿ, ದಿಂಬು ಸರಿಮಾಡಿಕೊಳ್ಳುತ್ತ, ಯಾರಿಗೂ ಏನೂ ಹೇಳುವುದು ಬೇಡವೆಂದು ತೀರ್ಮಾನಿಸಿದಳು.