ತೇಗದ ಹಾಳೆಯ ಕೆಳಗೆ

ನಮ್ಮ ಅಡುಗೆಮನೆಯ ಕಪಾಟಿಗೆ ಇವತ್ತು ಬಡಿಗರು ವಿನಿಯರ್ ಎಂಬ ತೆಳು ಮರದ ಹಾಳೆ ಅಂಟಿಸುತ್ತಿದ್ದಾರೆ. ಆ ಅಂಟಿನ ಹುಳಿ ವಾಸನೆಗೆ ಬೆಟಗೇರಿಯ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಬಡಿಗನಾಗಿದ್ದ ಅಪ್ಪ ಹೊಸ ಕಚೇರಿಗಳ ಮೇಜಿಗೆ ಕಾಗದದಂಥ ತೆಳು ತೇಗದ ಹಾಳೆ ಅಂಟಿಸುತ್ತಿದ್ದ. ನನ್ನ ತಮ್ಮ ತೀರಿಕೊಂಡಿದ್ದ. ಅವ್ವ ದಿನವೆಲ್ಲ ಖಾಲಿ ತೊಟ್ಟಿಲು ತೂಗುತ್ತ ಕೂರುತ್ತಿದ್ದಳು. ಅಪ್ಪ ಅದನ್ನು ಒಯ್ದು, "ಹೊಂಬಳದಾಗ ಒಬ್ಬ ಬಾಣಂತಿಗೆ ಕೊಟ್ಟು ಬಂದೆ" ಎಂದ.

ಮುಂದೆ ಒಂದು ಮಧ್ಯಾಹ್ನ ಹೊಸ ಕಪಾಟು ತಂದಿಟ್ಟ. ಮೇಲೆಲ್ಲ ತೇಗದ ಹಾಳೆ, ಮುಖ ಕಾಣುವಂಥ ಪಾಲಿಶು. ಅವ್ವ ಬಾಗಿಲ ಮೇಲೆ ಕೈಯಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಹಾಳೆ ಒಳಕ್ಕೆ ಕುಸಿದು ದುಂಡನೆಯ ತಗ್ಗು ಬಿದ್ದಿತ್ತು. ಅದು ತೊಟ್ಟಿಲ ಹಲಗೆಗೆ ಸರಪಳಿ ಸಿಕ್ಕಿಸುತ್ತಿದ್ದ ತೂತು.

"ಕಟ್ಟಿಗಿ ಪುಡಿ ತುಂಬಿದ್ದೆ. ಒಣಗಿ ಕುಸದೈತಿ," ಎಂದ ಅಪ್ಪ, ನೆಲ ನೋಡುತ್ತ. "ಕೂಸು ಸತ್ತ ತೊಟ್ಲಾ ಯಾರೂ ತಗೋಳಿಲ್ಲ. ಸುಡಾಕ ನನಗ ಮನಸ್ಸಾಗ್ಲಿಲ್ಲ."

ಅವ್ವ ತಗ್ಗಿನ ಮೇಲೆ ಅಂಗೈ ಊರಿ ಕಪಾಟನ್ನು ತೂಗುವಂತೆ ಮೆಲ್ಲಗೆ ನೂಕಿದಳು. ಅದು ಅಲುಗಲಿಲ್ಲ. ಮತ್ತೆ ನೂಕಿದಳು.