ಬಾಕಿ ಉಳಿದ ಪಾಯಿಂಟ್

ನಮ್ಮ ಬೀದಿಯ ಚಳಿಯ ಮುಂದೆ ಹಿಮಾಲಯವೂ ಸೊನ್ನೆ. ಸೂರ್ಯನೇ ಕಂಬಳಿ ಹೊದ್ದು ಹುಟ್ಟುತ್ತಿದ್ದ. ಅತ್ತೆಯ ಬೂದಿ ಹೊಳೆಗೆ ಬಿಟ್ಟ ಮರುದಿನ ಬೆಳಿಗ್ಗೆ ಸೊಸೆ ಎದ್ದು, ಮೂರು ಜಿಲ್ಲೆ ತುಂಬುವಷ್ಟು ನೆಂಟರಿಗೆ ಕಾಫಿ ಮಾಡಿ, ಮಗಳಿಗೆ ಜಡೆ ಹಾಕಿದಳು. ಕಣ್ಣಲ್ಲಿ ಹನಿಯಿಲ್ಲ, ಮಾತಲ್ಲಿ ಬಿಸಿಯಿಲ್ಲ, ಕೀ ಕೊಟ್ಟ ಬೊಂಬೆಯ ಹಾಗೆ. ಕೊನೆಗೆ ಬಾಗಿಲ ಹಿಂದಿನ ಶಟಲ್ ಬ್ಯಾಟಿನ ಚೀಲವನ್ನೂ ಹೆಗಲಿಗೇರಿಸಿದಳು.

ಸತ್ತವಳ ತಂಗಿ, ಅಂದರೆ ಸೊಸೆಯ ಚಿಕ್ಕತ್ತೆ, ಹಾಕಿದ ಕೂಗಿಗೆ ಮನೆಯ ಹೆಂಚೆಲ್ಲ ಅದುರಿದವು.

"ಸೂತಕದ ಮನೇಲಿ ಆಟ ಏನೇ ನಿಂಗೆ?"

"ಒಂದೇ ಪಾಯಿಂಟ್ ಬಾಕಿ ಇದೆ ಚಿಕ್ಕತ್ತೆ. ಬಂದು ಉಪ್ಪಿಟ್ಟು ಮಾಡ್ತೀನಿ."

"ಉಪ್ಪಿಟ್ಟಿಗೆ ಬೆಂಕಿ ಬಿತ್ತು! ನಮ್ಮಕ್ಕ ನಿನ್ನನ್ನ ಮಗಳ ಥರ ನೋಡ್ಕೊಂಡ್ಳಲ್ಲೇ! ಹೊಸ್ತಿಲು ದಾಟಿದ್ರೆ ವಾಪಸ್ ಬರ್ಬೇಡ."

ಸೊಸೆ ದಾಟಿಯೇಬಿಟ್ಟಳು.

ಜೊತೆಗೆ ಆಡುವವರು ಯಾರೇ ಇರಲಿ, ಅವರನ್ನೂ ಸೇರಿಸಿ ಜಾಡಿಸಬೇಕೆಂದು ಚಿಕ್ಕತ್ತೆ ಹಿಂದೆಯೇ ಓಡಿದಳು. ಬೀದಿ ಕೊನೆಯ ಖಾಲಿ ಸೈಟಿನಲ್ಲಿ ನೆಟ್ ಕಟ್ಟಿತ್ತು. ಆನೆ ನಿಂತರೂ ಕಾಣದಂಥ ಮಂಜು. ಹತ್ತಿರ ಹೋಗಿ ನೋಡಿದರೆ ಸೊಸೆಯ ಹೊರತು ಅಲ್ಲಿ ಯಾರೂ ಇರಲಿಲ್ಲ.

ಸೊಸೆ ಚೀಲದಿಂದ ಒಂದು ಬ್ಯಾಟು ತೆಗೆದಳು. ಅದರ ಹಿಡಿಗೆ ಹಸಿರು ಸೀರೆಯಂಚು ಸುತ್ತಿತ್ತು. ಆ ಸೀರೆಯನ್ನು ಅಕ್ಕನಿಗೆ ಉಡುಗೊರೆ ಕೊಟ್ಟಿದ್ದವಳು ಚಿಕ್ಕತ್ತೆಯೇ.

ಸೊಸೆ ಆಚೆ ಬದಿಗೆ ಹೋಗಿ ನಿಂತು ಕಾಕ್ ಹೊಡೆದಳು. ಅದು ನೆಟ್ ದಾಟಿ, ದಿನಾ ಸೊಸೆ ನಿಲ್ಲುತ್ತಿದ್ದ ಜಾಗದಲ್ಲಿ ಬಿತ್ತು.

"ನೀವೇ ಗೆದ್ರಿ, ಅತ್ತೆ," ಅಂದಳು.